ಮೊದಲ ಮುಟ್ಟು ಹಾಸ್ಟೆಲ್‌ನಲ್ಲೇ ಬಂದರೆ?

ಪ್ರಶ್ನೆ: ನಾವು ಶಿರಸಿ ತಾಲ್ಲೂಕಿನ ಹಳ್ಳಿಯವರು. ಅಡಿಕೆ ತೋಟದ ಮನೆ, ಜೊತೆಗೆ ಅತ್ತೆಯವರಿದ್ದಾರೆ. ಮಗಳಿಗೆ ಹನ್ನೊಂದು ತುಂಬುತ್ತಿದೆ. ಬರುವ ಜೂನ್‌ನಲ್ಲಿ ಘಟ್ಟದ ಕೆಳಗಿನ ವಸತಿ ಶಾಲೆಯಲ್ಲಿ ಆರನೇ ತರಗತಿಗೆ ಸೇರುತ್ತಾಳೆ. ಇನ್ನೂ ದೊಡ್ಡವಳಾಗಿಲ್ಲ. ಅಲ್ಲೇ ಮುಟ್ಟಾದರೆ ಏನು ಮಾಡುತ್ತಾಳೋ ಎಂಬ ಚಿಂತೆ ನನಗೆ. ಈಗಲೇ ಹೇಳಿದರೆ ಹೆದರುತ್ತಾಳೆ, ಆದಮೇಲೆ ಹೇಳಿದರಾಯಿತು ಎನ್ನುತ್ತಾರೆ ಅತ್ತೆ. ನಮ್ಮಲ್ಲಿ ಮೂರು ದಿನ ಹೊರಗೆ ಕೂರುವ ಪದ್ಧತಿಯೂ ಇದೆ. ಏನು ಹೇಳಲಿ, ಹೇಗೆ ಹೇಳಲಿ, ಜೊತೆಗೆ ಏನೇನು ಕಳಿಸಲಿ?

ಉತ್ತರ: ಈಗಲೇ ಹೇಳಿ, ಈ ಬೇಸಿಗೆ ರಜೆಯಲ್ಲೇ. ಏನೂ ಗೊತ್ತಿಲ್ಲದ ಹುಡುಗಿಗೆ ಚಡ್ಡಿಯಲ್ಲಿ ರಕ್ತ ಕಂಡರೆ ಎಲ್ಲೋ ಗಾಯವಾಗಿದೆ ಅಥವಾ ದೊಡ್ಡ ಕಾಯಿಲೆ ಬಂದಿದೆ ಎಂದೇ ಮೊದಲು ಅನಿಸುವುದು. ಮನೆಯಲ್ಲಾದರೆ ಓಡಿ ಬಂದು ನಿಮ್ಮನ್ನು ಕೇಳುತ್ತಾಳೆ, ಹಾಸ್ಟೆಲ್‌ನಲ್ಲಿ ಯಾರಿಗೂ ಹೇಳದೆ ಮುಚ್ಚಿಡುತ್ತಾಳೆ. ಅತ್ತೆಯವರ ಕಾಳಜಿ ಅರ್ಥವಾಗುತ್ತದೆ, ಆದರೆ ಹೊರಟು ನಿಂತ ಮಗುವಿಗೆ ಆ ಮಾತು ಒಪ್ಪುವುದಿಲ್ಲ. ಇನ್ನೊಂದು ವಿಷಯ: ಬಾಯಲ್ಲಿ ಹೇಳಿದರಷ್ಟೇ ಸಾಲದು. ಪ್ಯಾಡ್ ಅಂಟಿಸುವುದು, ಬದಲಿಸುವುದು, ಸುತ್ತಿ ಎಸೆಯುವುದು, ಕಲೆಯಾದ ಬಟ್ಟೆ ತೊಳೆಯುವುದು, ಇಷ್ಟನ್ನೂ ಹೊರಡುವ ಮೊದಲು ಅವಳ ಕೈಯಲ್ಲೇ ಎರಡು ಮೂರು ಸಲ ಮಾಡಿಸಿ. ಈ ಉತ್ತರದಲ್ಲಿ ಬೇರೇನು ಮರೆತರೂ ಇದೊಂದನ್ನು ಮರೆಯಬೇಡಿ.

ಎಷ್ಟು ಸಮಯ ಉಳಿದಿದೆ ಎಂಬುದಕ್ಕೆ ಅವಳ ಮೈಯೇ ಸುಳಿವು ಕೊಡುತ್ತದೆ. ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಮೊಲೆತೊಟ್ಟಿನ ಅಡಿಯಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ಗಂಟು ಕೈಗೆ ಸಿಗುತ್ತದೆ. ಮುಟ್ಟಿದರೆ ನೋಯುತ್ತದೆ, ಎಷ್ಟೋ ಸಲ ಮೊದಲು ಒಂದೇ ಬದಿಗೆ ಬರುತ್ತದೆ. ಗೆಡ್ಡೆಯೇನೋ ಎಂದು ಹೆದರಿ ಹಿಚುಕಿ ನೋಡುವುದು, ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ಸ್ತನ ಬೆಳೆಯಲು ಶುರುವಾಗುವುದೇ ಹಾಗೆ. ಅಲ್ಲಿಂದ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು. ಈ ನಡುವೆ ಕಂಕುಳು, ತೊಡೆಸಂದಿನಲ್ಲಿ ಕೂದಲು ಬರುತ್ತದೆ, ಎತ್ತರ ಒಮ್ಮೆಲೇ ಏರುತ್ತದೆ, ವರ್ಷದ ಆರಂಭದಲ್ಲಿ ಹೊಲಿಸಿದ ಯೂನಿಫಾರ್ಮ್ ವರ್ಷ ಮುಗಿಯುವುದರೊಳಗೆ ಗಿಡ್ಡವಾಗುತ್ತದೆ. ಕೊನೆಯ ಸುಳಿವು ಬಿಳಿ ಸ್ರಾವ. ಮುಟ್ಟಿಗೆ 6ರಿಂದ 12 ತಿಂಗಳು ಮೊದಲು ಚಡ್ಡಿಯಲ್ಲಿ ತೆಳ್ಳನೆಯ, ಬಿಳಿ ಅಥವಾ ಬಣ್ಣವಿಲ್ಲದ ಲೋಳೆ ಕಾಣಿಸುತ್ತದೆ, ಒಣಗಿದಾಗ ತುಸು ಹಳದಿ ಕಲೆ ಉಳಿಯುತ್ತದೆ. ತುರಿಕೆಯಾಗಲಿ ಕೆಟ್ಟ ವಾಸನೆಯಾಗಲಿ ಇಲ್ಲದಿದ್ದರೆ ಔಷಧಿ ಬೇಕಿಲ್ಲ. ಗಂಟು ಬಂದು ಒಂದೂವರೆ ವರ್ಷವಾಗಿ, ಬಿಳಿ ಸ್ರಾವವೂ ಶುರುವಾಗಿದ್ದರೆ ನಿಮ್ಮ ಮಗಳಿಗೆ ಆರನೇ ತರಗತಿಯಲ್ಲೇ ಮುಟ್ಟಾಗುವ ಸಾಧ್ಯತೆ ಹೆಚ್ಚು. ಗಂಟೇ ಇನ್ನೂ ಬಂದಿಲ್ಲವಾದರೆ ಬಹುಶಃ ಎಂಟನೇ ತರಗತಿ ಅಥವಾ ಅದರ ಆಚೆ. ನಿಮಗೆ ಯಾವ ವಯಸ್ಸಿಗೆ ಆಗಿತ್ತು ಎಂಬುದೂ ಒಂದು ಅಂದಾಜು ಕೊಡುತ್ತದೆ.

ಹೇಳುವಾಗ ಎದುರು ಕೂರಿಸಿಕೊಂಡು ಒಂದೇ ಸಲಕ್ಕೆ ಎಲ್ಲ ಮುಗಿಸಬೇಡಿ. ಏಪ್ರಿಲ್‌, ಮೇ ಎಂದರೆ ಹಲಸಿನ ಹಪ್ಪಳ ಹಚ್ಚುವ ಕಾಲ. ಇಬ್ಬರೇ ಕೂತು ಕೈಕೆಲಸ ಮಾಡುತ್ತಿರುವಾಗ ಮುಖ ನೋಡುವ ಮುಜುಗರ ಇರುವುದಿಲ್ಲ, ಮಕ್ಕಳು ತಾವಾಗಿ ಕೇಳುತ್ತಾರೆ. ದಿನಕ್ಕೆ ಒಂದು ವಿಷಯ ಸಾಕು. ಮೊದಲ ಮಾತು ಹೀಗಿರಬಹುದು: “ಕೂಸೇ, ಹೊಟ್ಟೆಯ ಕೆಳಗೆ ಗರ್ಭಕೋಶ ಅಂತ ಒಂದಿದೆ, ನಿನ್ನ ಮುಷ್ಟಿಗಿಂತ ಸಣ್ಣದು. ದೊಡ್ಡವರಾದ ಮೇಲೆ ಮಗು ಬೆಳೆಯೋದು ಅದರೊಳಗೇ. ತಿಂಗಳು ತಿಂಗಳೂ ಅಲ್ಲಿ ಮೆತ್ತಗೆ ಒಂದು ಪದರ ಬೆಳೀತದೆ. ಮಗು ಇಲ್ಲದಿದ್ದಾಗ ಆ ಪದರ ಬೇಕಾಗೋದಿಲ್ಲ, ರಕ್ತದ ಜೊತೆ ಹೊರಗೆ ಬರ್ತದೆ. ಅದೇ ಮುಟ್ಟು. ಆಯಿಗೂ ಬರ್ತದೆ, ನಿನ್ನ ಟೀಚರಿಗೂ ಬರ್ತದೆ, ಅಜ್ಜಿಗೂ ಬರ್ತಿತ್ತು.”

ಮಾರನೆಯ ದಿನ, ರಕ್ತ ಎಲ್ಲಿಂದ ಬರುತ್ತದೆ ಎಂಬುದು. ಮೂತ್ರ ಬರುವ ದ್ವಾರ ಮುಂದೆ, ಮಲ ಬರುವುದು ಹಿಂದೆ, ನಡುವೆ ಯೋನಿ. ಮುಟ್ಟಿನ ರಕ್ತ ಬರುವುದು ನಡುವಿನದರಿಂದ. ಕಾಗದದ ಮೇಲೆ ಮೂರು ಗುರುತು ಹಾಕಿ ತೋರಿಸಿ. ಬೇಕೆನಿಸಿದರೆ ಬಾಗಿಲು ಹಾಕಿಕೊಂಡು ಸಣ್ಣ ಕನ್ನಡಿಯಲ್ಲಿ ತಾನೇ ನೋಡಿಕೊಳ್ಳಲಿ, ತಪ್ಪೇನಿಲ್ಲ. ಇದು ತಿಳಿಯದ ಮಕ್ಕಳು ಮೂತ್ರದಲ್ಲೇ ರಕ್ತ ಬರುತ್ತಿದೆ ಎಂದುಕೊಂಡು ಮೂತ್ರ ಕಟ್ಟಿಕೊಳ್ಳುತ್ತಾರೆ, ನೀರು ಕುಡಿಯುವುದನ್ನು ಬಿಡುತ್ತಾರೆ, ಆಮೇಲೆ ಉರಿಮೂತ್ರ ಬರುತ್ತದೆ. ಮುಟ್ಟಿನಲ್ಲಿ ಹೋಗುವುದು ‘ಕೆಟ್ಟ ರಕ್ತ’ ಎಂಬ ಮಾತನ್ನು ಮಾತ್ರ ದಯವಿಟ್ಟು ಹೇಳಬೇಡಿ. ಅದು ಮೈಯಲ್ಲಿ ಹರಿಯುವ ಅದೇ ರಕ್ತ, ಜೊತೆಗೆ ಆ ಒಳಪದರದ ಚೂರುಗಳು. ಪ್ಯಾಡಿನಲ್ಲಿ ಬಹಳ ಹೊತ್ತು ಉಳಿದಾಗ ಸೂಕ್ಷ್ಮಜೀವಿಗಳು ಬೆಳೆದು ವಾಸನೆ ಬರುತ್ತದೆ, ಅಷ್ಟೇ.

ಮೊದಲ ಸಲ ಅದು ಹೇಗೆ ಕಾಣುತ್ತದೆ ಎಂದು ತಪ್ಪದೆ ಹೇಳಿ. ಮೊದಲ ಮುಟ್ಟು ಎಷ್ಟೋ ಹುಡುಗಿಯರಿಗೆ ಕೆಂಪಾಗಿ ಬರುವುದೇ ಇಲ್ಲ. ಕಂದು ಬಣ್ಣದ ಒಂದೆರಡು ಕಲೆ ಆಗಿ, ಅರ್ಧ ದಿನ ನಿಂತು, ಮತ್ತೆ ಬರಬಹುದು. ಮಗು ಅದನ್ನು ಮಲದ ಕಲೆ ಎಂದು ತಿಳಿದು ನಾಚಿಕೆಯಿಂದ ಚಡ್ಡಿಯನ್ನು ಟ್ರಂಕಿನ ತಳದಲ್ಲಿ ತುರುಕಿಡುತ್ತದೆ. “ಕಂದು ಕಲೆ ಕಂಡರೂ ಅದು ಮುಟ್ಟೇ ಇರಬಹುದು, ಒಂದು ಪ್ಯಾಡ್ ಹಾಕಿಕೊ” ಎಂದು ಹೇಳಿಕೊಡಿ. ಎಷ್ಟು ರಕ್ತ ಹೋಗುತ್ತದೆ ಎಂಬ ಭಯವೂ ಮಕ್ಕಳಿಗೆ ಇರುತ್ತದೆ. ಎಲ್ಲ ದಿನ ಸೇರಿ ಸಾಮಾನ್ಯವಾಗಿ 30–40 ಮಿಲಿಲೀಟರ್, ಅಂದರೆ ಏಳೆಂಟು ಟೀ ಚಮಚ. 80 ಮಿಲಿಲೀಟರ್ ದಾಟಿದರೆ ಹೆಚ್ಚು ಎಂದು ಲೆಕ್ಕ. ಒಂದು ಲೋಟದಲ್ಲಿ ಎಂಟು ಚಮಚ ನೀರು ಹಾಕಿ ತೋರಿಸಿದರೆ ಭಯ ಅಲ್ಲೇ ಇಳಿಯುತ್ತದೆ.

ಇನ್ನು ಕೈಯಾರೆ ಮಾಡಿಸುವುದು. 230–240 ಮಿಲಿಮೀಟರ್ ಉದ್ದದ, ರೆಕ್ಕೆ ಇರುವ ಪ್ಯಾಡ್ ಈ ವಯಸ್ಸಿಗೆ ಹಗಲಿಗೆ ಸರಿ, ರಾತ್ರಿಗೆ 280ರದು. ಚಡ್ಡಿ ಹತ್ತಿಯದು, ಎಲಾಸ್ಟಿಕ್ ಬಿಗಿಯಾಗಿರುವುದು ಬೇಕು. ಜೋಲುವ ಚಡ್ಡಿಯಲ್ಲಿ ಪ್ಯಾಡ್ ಒಂದು ಬದಿಗೆ ಸರಿದು ಲಂಗಕ್ಕೆ ಕಲೆಯಾಗುತ್ತದೆ. ಪ್ಯಾಡಿನ ಹೊರ ಕವರನ್ನು ಹರಿಯದೆ ಬಿಚ್ಚಿ ಇಟ್ಟುಕೊಳ್ಳಲಿ, ಹಳೆಯ ಪ್ಯಾಡ್ ಸುತ್ತಲು ಅದೇ ಬೇಕು. ಹಿಂಬದಿಯ ಕಾಗದ ಕಿತ್ತು, ಚಡ್ಡಿಯ ನಡುಭಾಗಕ್ಕೆ, ಅಗಲದ ತುದಿ ಹಿಂದಕ್ಕೆ ಬರುವಂತೆ ಇಟ್ಟು ಅಂಗೈಯಿಂದ ಒತ್ತಲಿ. ಆಮೇಲೆ ರೆಕ್ಕೆಯ ಕಾಗದ ಕಿತ್ತು ಚಡ್ಡಿಯ ಕೆಳಕ್ಕೆ ಮಡಚಲಿ. ಅವಸರದಲ್ಲಿ ಅಂಟಿನ ಮುಖವನ್ನೇ ಮೇಲೆ ಮಾಡುವ ಮಕ್ಕಳಿದ್ದಾರೆ, ಕೂದಲು ಕಿತ್ತು ಬರುತ್ತದೆ. ಒಮ್ಮೆ ಕೈಯಲ್ಲಿ ಹಿಡಿದು ಮಾಡಿದರೆ ಆ ತಪ್ಪು ಆಗುವುದಿಲ್ಲ. ಅದನ್ನು ಹಾಕಿಕೊಂಡು ಒಂದು ತಾಸು ಓಡಾಡಲಿ, ಮೆಟ್ಟಿಲು ಹತ್ತಲಿ, ಸೈಕಲ್ ಹೊಡೆಯಲಿ. ಬಿಚ್ಚಿದ ಮೇಲೆ ಎರಡು ಚಮಚ ನೀರು ಸುರಿದು ಹೇಗೆ ಹೀರುತ್ತದೆ ನೋಡಲಿ. ಕೊನೆಗೆ ಒಳಮುಖವಾಗಿ ಸುರುಳಿ ಸುತ್ತಿ, ಕವರಿನಲ್ಲಿಟ್ಟು, ಮೇಲೆ ಪೇಪರ್ ಸುತ್ತಿ, ಸೋಪಿನಲ್ಲಿ ಕೈ ತೊಳೆಯಲಿ. ರಕ್ತ ಕಡಿಮೆ ಇದ್ದರೂ ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕು. ತಾಸು ಲೆಕ್ಕ ನೆನಪಿರದ ಮಕ್ಕಳಿಗೆ ಹೀಗೆ ಹೇಳಿ: ಸ್ನಾನವಾದ ಮೇಲೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ, ಶಾಲೆ ಬಿಟ್ಟ ಮೇಲೆ, ಮಲಗುವ ಮುನ್ನ.

ಜೂನ್‌ನಲ್ಲಿ ಸೇರುವುದರಿಂದ ನಮ್ಮ ಜಿಲ್ಲೆಯ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪ್ಯಾಡಿನ ಅಂಟು ಹಸಿ ಬಟ್ಟೆಗೆ ಹಿಡಿಯುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ಹಾಸ್ಟೆಲ್ ಹಗ್ಗದ ಮೇಲಿನ ಚಡ್ಡಿ ಎರಡು ದಿನವಾದರೂ ಒದ್ದೆ ಒದ್ದೆ, ಅದರ ಮೇಲೆ ಅಂಟಿಸಿದ ಪ್ಯಾಡ್ ಪ್ರಾರ್ಥನೆ ಮುಗಿಯುವುದರೊಳಗೆ ಜಾರುತ್ತದೆ. ತೊಡೆಸಂದಿನಲ್ಲಿ ತುರಿ ಕಜ್ಜಿ ಬೇರೆ. ಅದಕ್ಕೇ ಚಡ್ಡಿ ಎಂಟಾದರೂ ಇರಲಿ, ಮೂರು ಗಾಢ ಬಣ್ಣದವು. ಪ್ಯಾಡುಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲೋ ಜಿಪ್ ಕವರಿನಲ್ಲೋ ಇಡಿ, ಟ್ರಂಕಿನಲ್ಲಿ ಹಾಗೇ ಬಿಟ್ಟರೆ ತಣಸು ಹಿಡಿಯುತ್ತದೆ.

ಮನೆಯಲ್ಲಿ ನೀವು ಹತ್ತಿ ಬಟ್ಟೆಯನ್ನೇ ಬಳಸುತ್ತಿದ್ದರೆ ಅದೇನೂ ತಪ್ಪಲ್ಲ, ಒಳ್ಳೆಯದೇ. ಆದರೆ ಅದು ಬಿಸಿಲನ್ನು ಬೇಡುತ್ತದೆ. ಮೊದಲು ತಣ್ಣೀರಿನಲ್ಲಿ ಅರ್ಧ ತಾಸು ನೆನೆಸಬೇಕು, ಬಿಸಿನೀರು ಹಾಕಿದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ಕಲೆ ಕೂತುಬಿಡುತ್ತದೆ. ಆಮೇಲೆ ಸೋಪು ಹಚ್ಚಿ ತಿಕ್ಕಿ, ನೀರು ತಿಳಿಯಾಗುವವರೆಗೆ ಜಾಲಿಸಿ, ಬಯಲಿನ ಬಿಸಿಲಿನಲ್ಲಿ ಹರವಬೇಕು. ನಾಚಿಕೆಗೆ ಬೇರೆ ಬಟ್ಟೆಯ ಅಡಿಯಲ್ಲಿ ಮುಚ್ಚಿ ಒಣಗಿಸುವುದರಿಂದಲೇ ಬೂಸಲು, ತುರಿಕೆ ಶುರುವಾಗುವುದು. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಒಣಗುತ್ತದೆ, ಆದರೆ ಹೊಗೆಯ ಕರಿ ಕೂರುತ್ತದೆ. ಒಳಗಿನ ತಣಸು ಹೋಗುವವರೆಗೆ ಇಸ್ತ್ರಿ ಹಾಕಿಯೇ ಬಳಸಬೇಕು. ಇಷ್ಟೆಲ್ಲ ಹನ್ನೊಂದರ ಮಗು ಹಾಸ್ಟೆಲ್‌ನಲ್ಲಿ ಮಾಡಲಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವಳಿಗೆ ಅಂಗಡಿ ಪ್ಯಾಡೇ ಇರಲಿ, ಬಟ್ಟೆಯ ರೂಢಿ ಬೇಕೆಂದರೆ ದಸರಾ ರಜೆಯಲ್ಲಿ ಕಲಿಸಿ.

ಎಸೆಯುವುದರ ಬಗ್ಗೆಯೂ ಎರಡು ಮಾತು. ಪ್ಯಾಡಿನ ಹಿಂಬದಿ ಪ್ಲಾಸ್ಟಿಕ್, ಒಳಗೆ ನೀರು ಹೀರಿ ಉಬ್ಬುವ ಪುಡಿ. ಶೌಚಾಲಯಕ್ಕೆ ಹಾಕಿದರೆ ಪೈಪು ಕಟ್ಟುತ್ತದೆ. ಮನೆಯಲ್ಲಿ ಬಚ್ಚಲ ಒಲೆಗೆ ಹಾಕುವ ರೂಢಿ ನಮ್ಮ ಕಡೆ ಬಹಳ, ಆ ಪ್ಲಾಸ್ಟಿಕ್ ಹೊಗೆಯನ್ನು ಸ್ನಾನಕ್ಕೆ ನಿಂತವರೇ ಕುಡಿಯಬೇಕಾಗುತ್ತದೆ. ಬೇಡ. ಪೇಪರಿನಲ್ಲಿ ಸುತ್ತಿ, ಬೇರೆ ಚೀಲದಲ್ಲಿಟ್ಟು ಪಂಚಾಯ್ತಿಯ ಕಸದ ಗಾಡಿಗೆ ಕೊಡಿ. ಹಾಸ್ಟೆಲ್‌ನಲ್ಲಿ ಇದಕ್ಕೆ ಬುಟ್ಟಿ ಎಲ್ಲಿದೆ ಎಂದು ಸೇರಿಸುವ ದಿನವೇ ನೋಡಿಕೊಳ್ಳಿ.

ಜೊತೆಗೆ ಎಷ್ಟು ಕಳಿಸಬೇಕು? ದಿನಕ್ಕೆ ನಾಲ್ಕರಂತೆ ಐದು ದಿನಕ್ಕೆ 20 ಪ್ಯಾಡ್. ಮೇಲೊಂದು ಹತ್ತು ಸೇರಿಸಿ 30 ಇಟ್ಟರೆ ನೀವು ಮುಂದಿನ ಸಲ ಹೋಗುವವರೆಗೆ ಸಾಕು. ಜನೌಷಧಿ ಕೇಂದ್ರದಲ್ಲಿ ‘ಸುವಿಧಾ’ ಪ್ಯಾಡ್ 2019ರಿಂದ ಒಂದಕ್ಕೆ ಒಂದು ರೂಪಾಯಿಯಂತೆ ಸಿಗುತ್ತದೆ. ಸರ್ಕಾರಿ ಶಾಲೆ, ಹಾಸ್ಟೆಲ್‌ಗಳ ಹುಡುಗಿಯರಿಗೆ ರಾಜ್ಯದ ‘ಶುಚಿ’ ಯೋಜನೆಯ ಪ್ಯಾಡೂ ಇದೆ, ಆದರೆ ಅದನ್ನೇ ನಂಬಿ ಖಾಲಿ ಕೈಯಲ್ಲಿ ಕಳಿಸಬೇಡಿ. ಇದರ ಜೊತೆಗೆ ಶಾಲೆಯ ಚೀಲದಲ್ಲಿ ದಿನವೂ ಇರಬೇಕಾದ ಒಂದು ಸಣ್ಣ ಪೌಚು ಬೇರೆ: ಎರಡು ಪ್ಯಾಡ್, ಒಂದು ಚಡ್ಡಿ, ಎರಡು ತುಂಡು ಪೇಪರ್, ಕಲೆಯಾದ ಚಡ್ಡಿ ಇಡಲು ಒಂದು ಪ್ಲಾಸ್ಟಿಕ್ ಕವರ್. ಪ್ಯಾಡ್ ಇಲ್ಲದ ಹೊತ್ತಿನಲ್ಲಿ ಬಂದುಬಿಟ್ಟರೆ ಶುಭ್ರ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡು ಟೀಚರ ಬಳಿ ಹೋಗಬೇಕು ಎಂಬುದನ್ನೂ ಕಲಿಸಿ.

ಹೊರಗೆ ಕೂರುವ ಪದ್ಧತಿಯ ಬಗ್ಗೆ ನೇರವಾಗಿ ಹೇಳುತ್ತೇನೆ. ಮುಟ್ಟಾದವಳು ಮುಟ್ಟಿದ್ದಕ್ಕೆ ಉಪ್ಪಿನಕಾಯಿ ಕೆಡುವುದಿಲ್ಲ, ಗಿಡ ಬಾಡುವುದಿಲ್ಲ. ಮನೆಯಲ್ಲಿ ಎಷ್ಟು ಪಾಲಿಸಬೇಕು ಎಂಬುದನ್ನು ನೀವೂ ಅತ್ತೆಯವರೂ ಕೂತು ಮಾತಾಡಿಕೊಳ್ಳಿ, ಆ ಜಗಳ ಮಗುವಿನ ತಲೆಯ ಮೇಲೆ ಬೇಡ. ಆದರೆ ಕೆಲವು ವಿಷಯದಲ್ಲಿ ರಾಜಿಯಿಲ್ಲ. ದಿನವೂ ಸ್ನಾನ ಆಗಬೇಕು, ನಾಲ್ಕನೆಯ ದಿನದವರೆಗೆ ಕಾಯುವಂತಿಲ್ಲ. ಮಲಗುವ ಜಾಗ ಬೆಚ್ಚಗೆ, ಒಣಗಿರಬೇಕು. ಊಟ ಎಲ್ಲರಷ್ಟೇ, ಶಾಲೆ ತಪ್ಪಬಾರದು. ಆರತಿ, ಸೀರೆ, ನೆಂಟರ ಊಟ ಮಾಡುವುದಿದ್ದರೆ ಮೊದಲು ಅವಳನ್ನು ಕೇಳಿ. ಬೇಡ ಎಂದರೆ ಬಿಟ್ಟುಬಿಡಿ.

ಹಾಸ್ಟೆಲ್‌ಗೆ ಹೋಗುವ ಮಗುವಿಗೆ ಇದರಲ್ಲಿ ಇನ್ನೊಂದು ಕಷ್ಟವಿದೆ. ಅಲ್ಲಿ ‘ಹೊರಗೆ’ ಎಂಬ ಜಾಗವೇ ಇಲ್ಲ. ಒಂದೇ ಕೋಣೆ, ಒಂದೇ ಪಂಕ್ತಿ, ಒಂದೇ ನಲ್ಲಿ. ಅಜ್ಜಿ ಹೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡ ಹುಡುಗಿ ಗೆಳತಿಯರನ್ನು ಮುಟ್ಟಿ ಪಾಪ ಮಾಡಿದೆ ಎಂದು ಒಳಗೊಳಗೇ ಕೊರಗುತ್ತಾಳೆ, ಊಟಕ್ಕೆ ಬರದೆ ಮೂಲೆಯಲ್ಲಿ ಕೂರುತ್ತಾಳೆ. ಸಾಧ್ಯವಾದರೆ ಅತ್ತೆಯವರ ಬಾಯಲ್ಲೇ ಹೇಳಿಸಿ: “ಅಲ್ಲಿ ಎಲ್ಲರ ಜೊತೆ ಕೂತು ಊಟ ಮಾಡು, ಎಲ್ಲರ ಜೊತೆ ಆಡು, ಏನೂ ದೋಷವಿಲ್ಲ.” ನೀವು ಹತ್ತು ಸಲ ಹೇಳುವುದಕ್ಕಿಂತ ಅಜ್ಜಿ ಒಂದು ಸಲ ಹೇಳಿದರೆ ಹೆಚ್ಚು.

ನೋವಿನ ವಿಷಯ. ಮೊದಲ ಕೆಲವು ಮುಟ್ಟುಗಳಲ್ಲಿ ಅಂಡ ಬಿಡುಗಡೆಯಾಗುವುದು ಕಡಿಮೆ, ಹಾಗಾಗಿ ನೋವೂ ಕಡಿಮೆ ಇರಬಹುದು. ಆರು ತಿಂಗಳು, ವರ್ಷದ ಮೇಲೆ ಶುರುವಾದರೆ ಗಾಬರಿ ಬೇಡ. ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಗರ್ಭಕೋಶದ ಸ್ನಾಯುವನ್ನು ಹಿಂಡುವುದರಿಂದ ಬರುವ ನೋವು ಇದು. ಬಿಸಿನೀರಿನ ಚೀಲ ಬಟ್ಟೆಯಲ್ಲಿ ಸುತ್ತಿ ಕಿಬ್ಬೊಟ್ಟೆಗೆ ಇಟ್ಟುಕೊಂಡರೆ, ತುಸು ನಡೆದಾಡಿದರೆ ಹೆಚ್ಚಿನವರಿಗೆ ಸಾಕು. ಸಾಲದಿದ್ದರೆ ಮೆಫೆನಾಮಿಕ್ ಆಸಿಡ್ ಅಥವಾ ಐಬುಪ್ರೊಫೆನ್ ಕೆಲಸ ಮಾಡುತ್ತವೆ, ಆ ರಾಸಾಯನಿಕ ಹುಟ್ಟುವುದನ್ನೇ ಅವು ತಡೆಯುತ್ತವೆ. ಅದಕ್ಕೇ ನೋವು ಏರಿದ ಮೇಲಲ್ಲ, ಶುರುವಾದ ಕೂಡಲೇ, ಊಟದ ಮೇಲೆ ತೆಗೆದುಕೊಳ್ಳಬೇಕು. ಅವಳ ತೂಕಕ್ಕೆ ಎಷ್ಟು ಎಂದು ವೈದ್ಯರಿಂದ ಬರೆಸಿ, ಆ ಚೀಟಿ ಮತ್ತು ಮಾತ್ರೆ ವಾರ್ಡನ್ ಕೈಗೆ ಕೊಡಿ. ಅಸ್ತಮಾ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಆಸ್ಪಿರಿನ್ ಬೇಡ. ಕೊತ್ತಂಬರಿ, ಜೀರಿಗೆ ಕಷಾಯ ಬಿಸಿಯಾಗಿ ಕುಡಿದರೆ ಹಿತ, ಆದರೆ ಅದನ್ನೇ ಔಷಧಿ ಎಂದು ನೋವು ತಿನ್ನಿಸಬೇಡಿ. ಹಾಗೆಯೇ, ಮಾರಿಕಾಂಬಾ ಜಾತ್ರೆಗೋ ಮನೆಯ ಪೂಜೆಗೋ ಅಡ್ಡಿ ಎಂದು ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ತಂದು ಈಗಷ್ಟೇ ಮುಟ್ಟಾಗುತ್ತಿರುವ ಮಗುವಿಗೆ ಕೊಡಲೇಬೇಡಿ. ಅದು ಹಾರ್ಮೋನು.

ಲೆಕ್ಕ ಇಡುವುದು ಸುಲಭ. ರಕ್ತ ಕಂಡ ಮೊದಲ ದಿನದಿಂದ ಮುಂದಿನ ಸಲದ ಮೊದಲ ದಿನಕ್ಕೆ ಎಣಿಸಬೇಕು, ನಿಂತ ದಿನದಿಂದಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತಾರೀಕು ಬರೆದಿಡಲಿ. ಶುರುವಿನ ಎರಡು ಮೂರು ವರ್ಷ 21ರಿಂದ 45 ದಿನಕ್ಕೊಮ್ಮೆ ಬಂದರೂ, ಎರಡರಿಂದ ಏಳು ದಿನ ಇದ್ದರೂ ಸರಿಯೇ. ಏಳು ದಿನ ದಾಟಿದರೆ, ತಾಸು ಎರಡು ತಾಸಿಗೇ ಪ್ಯಾಡ್ ತೊಯ್ದು ತುಂಬಿದರೆ, ಐದು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪು ಬಿದ್ದರೆ, ತಲೆ ಸುತ್ತಿದರೆ ಕಾಯಬೇಡಿ. ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವ ದೋಷ ಮೊದಲು ಗೊತ್ತಾಗುವುದೇ ಈ ವಯಸ್ಸಿನಲ್ಲಿ. ಮೂರು ತಿಂಗಳು ಬಾರದಿದ್ದರೂ ತೋರಿಸಿ. 13 ದಾಟಿದರೂ ಸ್ತನ ಬೆಳವಣಿಗೆ ಶುರುವಾಗದಿದ್ದರೆ, 15 ದಾಟಿದರೂ ಮುಟ್ಟಾಗದಿದ್ದರೆ ಪರೀಕ್ಷೆ ಬೇಕು. ರಕ್ತವೇ ಕಾಣದೆ ತಿಂಗಳಿಗೊಮ್ಮೆ ಕಿಬ್ಬೊಟ್ಟೆ ನೋವು ಮಾತ್ರ ಬರುತ್ತಿದ್ದರೆ ಯೋನಿಯ ಬಾಯಿ ಮುಚ್ಚಿಕೊಂಡು ಒಳಗೇ ರಕ್ತ ನಿಲ್ಲುತ್ತಿರಬಹುದು. ಅಪರೂಪ, ಆದರೆ ಸಣ್ಣ ಶಸ್ತ್ರಕ್ರಿಯೆಯಿಂದ ಪೂರ್ತಿ ಸರಿಯಾಗುತ್ತದೆ. ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ವೈದ್ಯರಲ್ಲಿ ತೋರಿಸಿ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಕೂಡ ಇದೆ.

ರಕ್ತಹೀನತೆಯ ಕಡೆ ಈಗಿನಿಂದಲೇ ಗಮನವಿರಲಿ. 12 ವರ್ಷದಿಂದ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇರಬಾರದು, 11 ವರ್ಷದವರೆಗೆ 11.5ಕ್ಕಿಂತ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. ಮಲ ಕಪ್ಪಾಗುತ್ತದೆ ಎಂದು ಹೆದರಿ ಮಕ್ಕಳು ಕಿಟಕಿಯಾಚೆ ಎಸೆಯುತ್ತಾರೆ. ಕಪ್ಪಾಗುವುದು ಸಹಜ, ಊಟದ ಮೇಲೆ ನುಂಗು, ಚಹಾದ ಜೊತೆ ಬೇಡ ಎಂದು ಹೇಳಿ ಕಳಿಸಿ. ರಜೆಗೆ ಬಂದಾಗ ಹರಿವೆ, ನುಗ್ಗೆ ಸೊಪ್ಪು, ಎಳ್ಳು, ಜೊತೆಗೆ ನಿಂಬೆ ಅಥವಾ ನೆಲ್ಲಿಕಾಯಿ. ಮೀನು ತಿನ್ನುವ ಮನೆಯವರಿಗೆ ಬಳಚು, ತಾರ್ಲೆ ಇನ್ನೂ ಒಳ್ಳೆಯದು. ಮುಟ್ಟಾದ ಮೇಲೆ ಎತ್ತರ ನಿಂತೇಹೋಗುತ್ತದೆ ಎನ್ನುವುದೂ ಪೂರ್ತಿ ನಿಜವಲ್ಲ, ಇನ್ನೂ ಐದಾರು ಸೆಂಟಿಮೀಟರ್ ಬೆಳೆಯುತ್ತಾಳೆ.

ಸೇರಿಸುವ ದಿನ ವಾರ್ಡನ್ ಹತ್ತಿರ ಮಗಳನ್ನೂ ನಿಲ್ಲಿಸಿಕೊಂಡು ಮಾತಾಡಿ: “ಇವಳಿಗಿನ್ನೂ ಆಗಿಲ್ಲ, ಆದರೆ ನಿಮ್ಮ ಹತ್ತಿರ ಬರ್ತಾಳೆ.” ಆ ಒಂದು ಮಾತಿನಿಂದ ಮಗುವಿಗೆ ಯಾರ ಬಳಿ ಹೋಗಬೇಕು ಎಂಬುದು ಗಟ್ಟಿಯಾಗುತ್ತದೆ. ಹಾಸ್ಟೆಲ್‌ನಿಂದ ಕರೆ ಬರುವುದು ಹೆಚ್ಚಾಗಿ ಅಪ್ಪನ ಫೋನಿಗೆ, ಆದ್ದರಿಂದ ಅವರಿಗೂ ವಿಷಯ ಗೊತ್ತಿರಲಿ, “ಆಯಿಗೆ ಕೊಡ್ತೇನೆ ತಡಿ” ಎಂದು ತಡವರಿಸದೆ “ನೋವಿದೆಯಾ, ಪ್ಯಾಡ್ ಇದೆಯಾ” ಎಂದು ಕೇಳಲಿ. ಫೋನಿಗಾಗಿ ಹತ್ತು ಜನ ಸಾಲಿನಲ್ಲಿ ನಿಂತಿರುವಾಗ ಅವಳಿಗೆ ಬಾಯಿ ಬರದು. ನಿಮ್ಮಿಬ್ಬರ ನಡುವೆ ಒಂದು ಗುರುತಿನ ವಾಕ್ಯ ಇಟ್ಟುಕೊಳ್ಳಿ. ಮೈ ಮುಟ್ಟುವ ವಿಷಯದಲ್ಲಿ ಯಾರಾದರೂ ಅತಿಯಾಗಿ ನಡೆದುಕೊಂಡರೆ ನಿಮಗೆ ಹೇಳಬೇಕು, ಆಗದಿದ್ದರೆ 1098ಕ್ಕೆ ಕರೆ ಮಾಡಬಹುದು ಎಂಬುದನ್ನೂ ಇದೇ ಮಾತುಕತೆಯಲ್ಲಿ ಸೇರಿಸಿ.

ಒಂದು ವೇಳೆ ಮುಟ್ಟು ಬರುವುದು ವರ್ಷ ತಡವಾದರೆ ಪೌಚು ಚೀಲದ ತಳದಲ್ಲೇ ಉಳಿದು ಪ್ಯಾಡಿನ ಅಂಟು ಒಣಗುತ್ತದೆ, ಕವರ್ ಹರಿಯುತ್ತದೆ. ದಸರಾ ರಜೆಗೊಮ್ಮೆ, ಬೇಸಿಗೆ ರಜೆಗೊಮ್ಮೆ ಬಿಚ್ಚಿ ನೋಡಿ ಹೊಸದು ಇಡಿ. ಆ ಹೊತ್ತಿಗೆ ಅವಳು ಬೆಳೆದಿರುತ್ತಾಳೆ, ಒಳಗಿನ ಚಡ್ಡಿಯ ಅಳತೆಯನ್ನೂ ನೋಡಿ ಬದಲಿಸಿ.